ಸೂಚಿಯಲ್ಲಿ ಮಳೆ ಇಲ್ಲ

ನಾನು ನಕ್ಷೆಗೆ ಬಣ್ಣ ತುಂಬುವವನು.
ಕಂಪಾಲಾ ನಗರ ಕಚೇರಿ, ಮೂರನೇ ಮಹಡಿ,
ಫ್ಯಾನು ತಿರುಗದ ಮೂಲೆಯ ಮೇಜು.
ರಸ್ತೆಗೆ ಹಳದಿ, ಕಾರ್ಖಾನೆಗೆ ನೇರಳೆ,
ಜೌಗಿಗೆ ಹಸಿರು.
ಮೇಲಿನಿಂದ ಚೀಟಿ ಬಂದರೆ
ಹಸಿರಿನ ಒಂದು ತುಣುಕು ಬೂದು ಆಗುತ್ತದೆ;
ಬೆರಳು ಒಮ್ಮೆ ಒತ್ತಿದರೆ ಸಾಕು,
ಚಹಾ ಆರುವುದರೊಳಗೆ ಮುಗಿದಿರುತ್ತದೆ.

ಈ ಸಲ ಗಡಿಗೆ ಗುರುತು ಹಾಕುವವನಿಗೆ ಜ್ವರ.
ಕೆಂಪು ಬಣ್ಣದ ಡಬ್ಬಿ, ಬ್ರಷ್ಷು ಕೊಟ್ಟು
ನನ್ನನ್ನೇ ಬ್ವಾಯಿಸೆಗೆ ಅಟ್ಟಿದರು.
ಬೋಡಾ ಬೈಕಿನ ಹುಡುಗ ಅರ್ಧದಲ್ಲೇ ಇಳಿಸಿದ:
‘ಇನ್ನು ಗಾಡಿಯಲ್ಲ, ಸೆಬ್ಬೊ, ಕಾಲು.’
ಹಲಗೆಯ ಮೇಲೆ ಹೆಜ್ಜೆ. ಕೆಳಗೆ ಕಪ್ಪು ನೀರು,
ಅದರಲ್ಲಿ ಒಂಟಿ ಚಪ್ಪಲಿ, ಬಾಟಲಿ.
ಬೋಳುತಲೆಯ ಕೊಕ್ಕರೆಯೊಂದು
ಹಳೇ ಗುಮಾಸ್ತನ ಹಾಗೆ
ಎಲ್ಲವನ್ನೂ ತಿರುವಿ ತಿರುವಿ ನೋಡುತ್ತಿತ್ತು.

ನಲ್ವೆಯಿಸೊ ಎಂಬಾಕೆಯ ಮನೆ.
ಒಳಹೋಗಲು ಬಗ್ಗಬೇಕು.
ಮೊದಲು ಹೀಗಿರಲಿಲ್ಲವಂತೆ.
ನೀರು ಬಂತು, ನೆಲ ಎತ್ತರಿಸಿದಳು.
ಮತ್ತೆ ಬಂತು, ಮತ್ತೆ ಎತ್ತರಿಸಿದಳು.
ಮೂರನೆಯ ಸಲ ಮಣ್ಣು ಕೊಂಡದ್ದು
ಜೌಗು ಅಗೆದು ಮಾರುವವರಿಂದಲೇ.
ಸೂರು ಇದ್ದಲ್ಲೇ ಇದೆ, ನೆಲ ಮೇಲೆ ಬಂದಿದೆ.
‘ನಾನೇ ಬೆಳೆದೆ ಅಂದುಕೊಳ್ಳಿ’ ಎಂದು ನಕ್ಕಳು.

ಗೋಡೆಯ ಮೇಲೆ ಗೆರೆಗಳು.
ಇದ್ದಿಲಿನವು ಮಗನವು, ಹುಟ್ಟುಹಬ್ಬಕ್ಕೊಂದು.
ಕಂದು ಬಣ್ಣದವು ಯಾರೂ ಎಳೆದವಲ್ಲ.
ಕಳೆದ ಏಪ್ರಿಲ್ಲಿನ ಕಂದು ಗೆರೆ
ಲುಬೇಗನ ಆರನೇ ವರ್ಷಕ್ಕಿಂತ ನಾಲ್ಕು ಬೆರಳು ಮೇಲೆ.
ಟೇಪು ಹೊರತೆಗೆದೆ,
ಮತ್ತೆ ಜೇಬಿಗೆ ಹಾಕಿದೆ.

ಹಿತ್ತಿಲಲ್ಲಿ ಅರ್ಧ ಗುಂಟೆ ಜೊಂಡು ನಿಂತಿತ್ತು,
ತಲೆಗೂದಲು ಬಿಚ್ಚಿಕೊಂಡು,
ಒಳಗೆಲ್ಲೋ ಕಪ್ಪೆಯ ಸದ್ದು.
ಅಕ್ಕಪಕ್ಕದವರು ಮಣ್ಣು ತುಂಬಿ ಬಾಡಿಗೆ ಕೋಣೆ ಕಟ್ಟಿದ್ದಾರೆ,
ಇವಳೊಬ್ಬಳು ಬಿಟ್ಟಿದ್ದಾಳೆ.
‘ಯಾಕೆ?’
‘ಬಂದವರನ್ನು ನಿಲ್ಲಿಸಿಯೇ ಇಡುತ್ತಾರೆಯೇ?
ನೀರಿಗೂ ಒಂದು ಚಾಪೆ ಬೇಡವೇ?’

ಮಂಚದ ಮೇಲೆ ನಕ್ಷೆ ಬಿಡಿಸಿದೆ.
ಅವಳ ಮನೆ ಹಸಿರಿನೊಳಗಿತ್ತು, ಅಂದರೆ ಇರಲಿಲ್ಲ.
ಪಕ್ಕದ ಗೋದಾಮು ಬೂದು, ಅಂದರೆ ಇತ್ತು.
ಆ ಬೂದು ನನ್ನ ಬೆರಳಿನದೇ. ಹೇಳಲಿಲ್ಲ.
ಹುಡುಗ ಮೂಲೆಯ ಸೂಚಿಯನ್ನು ಓದತೊಡಗಿದ:
ಇದು ಕೊಳವೆ, ಇದು ಕರೆಂಟು, ಇದು ಶಾಲೆ,
ಚುಕ್ಕಿ ಗೆರೆ ಇನ್ನು ಬರಲಿರುವ ರಸ್ತೆ.
‘ಮಳೆ ಎಲ್ಲಿ?’
ಕೇಳಿದವನು ಉತ್ತರಕ್ಕೆ ಕಾಯದೆ ಆಡಲು ಓಡಿದ.

ಅವಳು ಜೋಳದ ತೆನೆ ಸುಟ್ಟುಕೊಟ್ಟಳು.
ಹೊರಡುವಾಗ ದಿಣ್ಣೆಯತ್ತ ಗಲ್ಲ ಎತ್ತಿ ಅಂದಳು:
‘ಮೇಲಿನವರು ಅಂಗಳಕ್ಕೆ ಚಪ್ಪಡಿ ಹಾಸಿದಾಗೆಲ್ಲ
ನನ್ನ ಮಂಚಕ್ಕೆ ಗೊತ್ತಾಗುತ್ತದೆ.’
ಆ ದಿಣ್ಣೆಯ ಮೇಲೆ, ಎಡಕ್ಕೆ, ಐದನೆಯ ಗೇಟು ನನ್ನದು.
ಹೋದ ಕ್ರಿಸ್‌ಮಸ್ಸಿಗೆ, ಕಾರು ಬಂದ ಖುಷಿಗೆ,
ನಲವತ್ತು ಚಪ್ಪಡಿ.

ಕೆಂಪು ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.
ನಾಳೆ ಇನ್ನೊಬ್ಬ ತೆಗೆಯುತ್ತಾನೆ, ಅದೂ ಗೊತ್ತು.

ಸಂಜೆ ಹಾರೆ ಹಿಡಿದೆ.
‘ಏನು ಕಳೆದುಕೊಂಡಿರಿ?’
ಹೆಂಡತಿ ದೀಪ ಹಿಡಿದು ನಿಂತಳು.
ಒಂದು, ಎರಡು, ಮೂರನೆಯದು ಒಡೆದೇ ಹೋಯಿತು.
ಅಡಿಯಲ್ಲಿ ನಮ್ಮ ಕೆಂಪು ಮಣ್ಣು ಬಿಳಿಚಿಕೊಂಡಿತ್ತು,
ಬಹಳ ದಿನದ ಪಟ್ಟಿ ಬಿಚ್ಚಿದಾಗ ಕಾಣುವ ತೊಗಲಿನ ಹಾಗೆ.

ನಡುರಾತ್ರಿ ಹನಿ ಬಿತ್ತು. ಎದ್ದು ಹೋಗಿ ನೋಡಿದೆ.
ಮೂರು ಚಪ್ಪಡಿಯಷ್ಟು ನೆಲ
ಗಟಗಟ ಕುಡಿಯುತ್ತಿತ್ತು.
ಮಿಕ್ಕ ಮೂವತ್ತೇಳರ ಮೇಲಿನ ನೀರು
ಗೇಟಿನಡಿ ನುಸುಳಿ
ಕೆಳಗೆ,
ಅವಳ ಮನೆಗೆ ದಾರಿ ಯಾವುದೆಂದು
ಯಾರನ್ನೂ ಕೇಳದೆ,
ಹೋಗುತ್ತಿತ್ತು.